ಸಂಪಾದಕರ ಉತ್ತರ: ಮಗಳು ಪ್ರಿಂಟ್‌ಮೇಕಿಂಗ್ ತಗೊಳ್ಲಿ ಬಿಡಿ ಸಾರ್

ತಿಪಟೂರಿಂದ ತಂದೆಯೊಬ್ರು ನಮ್ಮ ತುಮಕೂರು ಆಫೀಸಿಗೆ ಕಾಗದ ಬರ್ದಿದಾರೆ. ಮಗಳು ಬೆಂಗಳೂರಲ್ಲಿ ಪೇಂಟಿಂಗ್ ಓದ್ತಿದಾಳೆ, ಈಗ ಪ್ರಿಂಟ್‌ಮೇಕಿಂಗ್, ಅಂದ್ರೆ ತಗಡು ಇಲ್ಲಾ ಹಲಗೆ ಮೇಲೆ ಚಿತ್ರ ಕೊರೆದು ಕಾಗದಕ್ಕೆ ಅಚ್ಚೊತ್ತೋ ಕಲೆ, ತಗೋತೀನಿ ಅಂತ ಹಟ ಹಿಡಿದಿದಾಳಂತೆ. ಒಂದೇ ಚಿತ್ರಾನ ಇಪ್ಪತ್ತೈದು ಸಲ ಒತ್ತಿದ್ರೆ ಅದಕ್ಕೂ ಲಗ್ನಪತ್ರಿಕೆಗೂ ಏನ್ ವ್ಯತ್ಯಾಸ, ಚೆನ್ನಾಗಿ ಬರ್ತಿರೋ ಪೇಂಟಿಂಗೂ ಕೈತಪ್ಪಿಹೋಗುತ್ತಲ್ಲ ಅನ್ನೋದು ಅವರ ಚಿಂತೆ.

ಸಾರ್, ಕೈತಪ್ಪಿಹೋಗುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ಮೇರಿ ಕಸಾಟ್ ಅಂತ ಅಮೆರಿಕದ ಕಲಾವಿದೆ, 1844ರಲ್ಲಿ ಹುಟ್ಟಿದೋರು. ಅವರಪ್ಪಂಗೂ ಮಗಳು ಇದನ್ನೇ ಕಸುಬು ಮಾಡ್ಕೊಳ್ಳೋದು ಇಷ್ಟ ಇರ್ಲಿಲ್ಲ, ಸ್ಟುಡಿಯೋ ಖರ್ಚನ್ನ ನೀನೇ ದುಡಿದು ನೋಡ್ಕೋ ಅಂದ್ಬಿಟ್ಟಿದ್ರು. ಆಕೆ ಪ್ಯಾರಿಸ್ಸಲ್ಲಿ ನೆಲೆ ನಿಂತು 1879ರಲ್ಲಿ ಇಂಪ್ರೆಷನಿಸ್ಟರು ಅನ್ನೋ ಹೊಸ ಶೈಲಿಯ ಚಿತ್ರಕಾರರ ಗುಂಪಿನ ಜೊತೆ ಪೇಂಟಿಂಗ್ ಪ್ರದರ್ಶನಕ್ಕಿಟ್ರು, ಸುಮಾರು ಅದೇ ಹೊತ್ತಿಗೆ ಆ ಗುಂಪಿನ ಕಲಾವಿದ ಡೆಗಾ ಜೊತೆ ಎಚಿಂಗ್‌ಗೂ, ಅಂದ್ರೆ ಆಸಿಡ್‌ನಿಂದ ತಗಡಲ್ಲಿ ಗೆರೆ ಕೊರೆದು ಅಚ್ಚೊತ್ತೋ ಕೆಲ್ಸಕ್ಕೂ, ಕೈ ಹಾಕಿದ್ರು. 1890ರಲ್ಲಿ ಪ್ಯಾರಿಸ್ಸಲ್ಲಿ ಜಪಾನಿ ವುಡ್‌ಕಟ್‌ಗಳ, ಅಂದ್ರೆ ಮರದ ಹಲಗೆ ಕೆತ್ತಿ ಒತ್ತಿದ ಪ್ರಿಂಟ್‌ಗಳ, ದೊಡ್ಡ ಪ್ರದರ್ಶನ ಆಯ್ತು, ಅದನ್ನ ನೋಡಿ ಹುಚ್ಚು ಹಿಡಿದೋರ ಥರ ಕೂತು ಮುಂದಿನ ವರ್ಷವೇ ಹತ್ತು ಬಣ್ಣದ ಪ್ರಿಂಟ್ ತಂದ್ರು, ಒಂದೊಂದಕ್ಕೂ 25 ಪ್ರತಿ ಅಷ್ಟೇ.

ಅದರಲ್ಲಿ 'ಪತ್ರ' ಅನ್ನೋದನ್ನ ಮಗಳ ಮೊಬೈಲಲ್ಲೇ ದೊಡ್ಡದು ಮಾಡಿ ನೋಡಿ. ನೀಲಿ ಬಟ್ಟೆ ಹಾಕಿರೋ ಹೆಂಗಸು ಮೇಜಿನ ಮುಂದೆ ಕೂತು ಲಕೋಟೆ ಅಂಟಿಸೋಕೆ ಅಂತ ಅದರ ಅಂಚನ್ನ ತುಟಿಗೆ ಹಿಡಿದಿದಾಳೆ. ಆ ಗೆರೆಗಳನ್ನ ತಾಮ್ರದ ತಗಡಿನ ಮೇಲೆ ನೇರವಾಗಿ ಸೂಜೀಲಿ ಗೀರಿರೋದು, ಅದಕ್ಕೆ ಡ್ರೈಪಾಯಿಂಟ್ ಅಂತಾರೆ. ಬಣ್ಣ ತುಂಬೋ ಜಾಗಕ್ಕೆ ಅಕ್ವಾಟಿಂಟ್, ಅಂದ್ರೆ ಬಣ್ಣ ಹಿಡಿಯೋ ಹಂಗೆ ತಗಡನ್ನ ಆಸಿಡ್‌ನಿಂದ ಸಣ್ಣಗೆ ತರಿತರಿ ಮಾಡೋದು. ಒಂದು ಚಿತ್ರಕ್ಕೆ ಎರಡು ಮೂರು ತಗಡು, ಪ್ರತಿ ಸಲ ಒತ್ತೋವಾಗ್ಲೂ ಬಟ್ಟೆ ಉಂಡೇಲಿ ಕೈಯಾರೆ ಬಣ್ಣ ಹಚ್ಚಿ, ಒರೆಸಿ, ಒದ್ದೆ ಕಾಗದ ಇಟ್ಟು, ಒಂದರ ಮೇಲೊಂದು ಗುರಿತಪ್ಪದಂಗೆ ಒತ್ತಬೇಕು. ಹಂಗಾಗಿ ಒಂದು ಪ್ರತಿ ಇದ್ದಂಗೆ ಇನ್ನೊಂದು ಪೂರ್ತಿ ಇರಲ್ಲ. ಗೀರಿದಾಗ ಎದ್ದ ತಾಮ್ರದ ಸಣ್ಣ ಏಣು ಒತ್ತಿ ಒತ್ತಿ ಸವೆದುಹೋಗುತ್ತೆ, ಬೇಕಾದಷ್ಟು ಒತ್ತೋಕೂ ಆಗಲ್ಲ. ಲಗ್ನಪತ್ರಿಕೆ ಮಾತು ದಯವಿಟ್ಟು ಮಗಳ ಮುಂದೆ ಆಡ್ಬೇಡಿ ಸಾರ್, ನೋವಾಗುತ್ತೆ.

ಇದಾದ್ಮೇಲೆ ಆಕೆ ಪೇಂಟಿಂಗ್ ಬಿಟ್ರಾ? ಇಲ್ಲ. 1893ರ ಆಸುಪಾಸಲ್ಲಿ ಮಗುವಿನ ಕಾಲು ತೊಳೀತಿರೋ ಹೆಂಗಸಿನ ಎಣ್ಣೆಬಣ್ಣದ ಚಿತ್ರ ಮಾಡಿದ್ರು, ಮೇಲಿಂದ ಬಗ್ಗಿ ನೋಡಿದಂಗಿರೋ ಆ ನೋಟ, ಆ ಪಟ್ಟೆ ಪಟ್ಟೆ ಬಟ್ಟೆ ಎಲ್ಲದರಲ್ಲೂ ಆ ಜಪಾನಿ ಪ್ರಿಂಟ್‌ಗಳ ಪ್ರಭಾವ ಇದೆ. ನಮ್ಮ ದೇಶದಲ್ಲೇ ಅನುಪಮ್ ಸೂದ್ ಇದಾರಲ್ಲ, ಲಂಡನ್ನಿನ ಸ್ಲೇಡ್ ಕಲಾಶಾಲೇಲಿ ಓದಿಬಂದು ದೆಹಲಿಯ ಕಾಲೇಜ್ ಆಫ್ ಆರ್ಟ್‌ನಲ್ಲಿ ಪ್ರಿಂಟ್‌ಮೇಕಿಂಗ್ ಕಲಿಸಿದೋರು, ಅವರ ಎಚಿಂಗ್‌ಗಳನ್ನೂ ನೋಡಿ.

ಜನವರೀಲಿ ಬೆಂಗಳೂರಿನ ಕುಮಾರಕೃಪಾ ರಸ್ತೇಲಿ ಚಿತ್ರಸಂತೆ ಆಗುತ್ತೆ, ಮಗಳ ಜೊತೆ ಹೋಗಿ. ಪ್ರಿಂಟ್ ಕಂಡ್ರೆ ಕೆಳಗೆ ಪೆನ್ಸಿಲಲ್ಲಿ 3/25 ಅಂತ ಏನಾದ್ರೂ ಬರೆದಿದೆಯಾ ನೋಡಿ, ಇಪ್ಪತ್ತೈದರಲ್ಲಿ ಮೂರನೇದು ಅಂತ. ಅದರ ರೇಟೂ ಕೇಳಿ, ಸಾಮಾನ್ಯವಾಗಿ ಅದೇ ಕಲಾವಿದರ ಪೇಂಟಿಂಗ್‌ಗಿಂತ ಕಮ್ಮಿ ಇರುತ್ತೆ, ನಮ್ಮಂಥೋರ ಮನೆ ಗೋಡೆಗೂ ಎಟುಕುತ್ತೆ.

ಒಂದು ಮಾತ್ರ ಹೇಳ್ತೀನಿ, ಎಚಿಂಗ್ ಆಸಿಡ್ ಕೆಲ್ಸ ಕಾಲೇಜಲ್ಲೇ ಆಗ್ಲಿ, ಮನೇಲಿ ಬೇಡ. ರಜಕ್ಕೆ ಬಂದಾಗ ಕೆತ್ತೋಕೆ ಮೆತ್ತಗಿರೋ ಲಿನೋ ಶೀಟೋ ಮರದ ಹಲಗೇನೋ ಕೊಡ್ಸಿ, ಅದರಲ್ಲಿ ಚಿತ್ರ ಕೆತ್ತಿ, ಇಂಕ್ ಹಚ್ಚಿ ಕಾಗದ ಇಟ್ಟು ಸೌಟಿನ ಬೆನ್ನಲ್ಲಿ ಉಜ್ಜಿದ್ರೂ ಪ್ರಿಂಟ್ ಬರುತ್ತೆ, ಪ್ರೆಸ್ ಬೇಕಾಗಲ್ಲ.