ವಾಸನೆಯ ಅಧ್ಯಯನಕ್ಕೆ ಬಾಗುವ ಎಲೆಕ್ಟ್ರೋಡ್ ಏಕೆ ಬೇಕು?

ಇಲಿಯ ಮೆದುಳಿನಲ್ಲಿ ಎಲೆಕ್ಟ್ರೋಡ್ (ನರಕೋಶಗಳ ವಿದ್ಯುತ್ ಮಿಡಿತವನ್ನು ಹಿಡಿಯುವ ಸಾಧನ) ಇಟ್ಟು ವಾಸನೆಯನ್ನು ಅಧ್ಯಯನ ಮಾಡುವವರಿಗೆ ಗಟ್ಟಿ ಸೂಜಿ ಸಾಲದೇ, ಬಾಗುವಂಥದ್ದೇ ಏಕೆ ಎಂದು ಕೇಳಿದ್ದೀರಿ. ನಾನು ನರವಿಜ್ಞಾನ ಓದಿದವನು, ಊರು ಮೂಡಿಗೆರೆ ಹತ್ತಿರ. ಕೋವಿಡ್ ಬಂದುಹೋದ ಮೇಲೆ, ಹೂಮಳೆ ಬಿದ್ದು ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿದರೂ ನಮ್ಮ ಅಮ್ಮನಿಗೆ ಘಮ ತಿಳಿಯಲಿಲ್ಲ. ಕೆಲವು ತಿಂಗಳ ನಂತರ ವಾಸನೆ ಮರಳಿತು. ಆದರೆ ಹುರಿಯುವ ಕಾಫಿ ಬೀಜ ಸುಟ್ಟ ರಬ್ಬರಿನಂತೆ ನಾರುತ್ತದೆ ಎಂದಳು. ಅಂದಿನಿಂದ ಈ ಪ್ರಶ್ನೆ ನನಗೆ ಮನೆಯದೇ ಆಗಿದೆ.

ಮೂಗಿನ ಒಂದೊಂದು ನರಕೋಶದಲ್ಲೂ ವಾಸನೆಯ ಕಣಗಳನ್ನು ಹಿಡಿಯುವ ಒಂದೇ ಬಗೆಯ ಗ್ರಾಹಕ. ಮನುಷ್ಯನಲ್ಲಿ ಸುಮಾರು 400 ಬಗೆ, ಇಲಿಯಲ್ಲಿ ಸಾವಿರದಷ್ಟು. ಇವುಗಳ ವಂಶವಾಹಿಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಕಾಫಿಯ ಘಮ ಬಂದಾಗ ಹಲವು ಬಗೆಯವು ಒಟ್ಟಿಗೆ ಮಿಡಿಯುತ್ತವೆ. ಮೆದುಳಿನಲ್ಲಿ ಆ ಮಿಡಿತ ಒಂದೇ ಉಸಿರಿನೊಳಗೆ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಬದಲಾಗುತ್ತದೆ. ತಲೆಯ ಹೊರಗಿನಿಂದ ಅದನ್ನು ಅಷ್ಟು ಸೂಕ್ಷ್ಮವಾಗಿ ಹಿಡಿಯಲಾಗದು.

ಗಟ್ಟಿ ಸೂಜಿ ಮಾಡುವ ಸಿಲಿಕಾನ್ ಮೆದುಳಿಗಿಂತ ಕೋಟಿ ಪಾಲಿಗೂ ಹೆಚ್ಚು ಬಿಗಿ. ಮೆದುಳು ಉಸಿರಿಗೂ ನಾಡಿಗೂ ಸದಾ ತುಸು ಅಲುಗುತ್ತಿರುತ್ತದೆ, ಗಟ್ಟಿ ಸೂಜಿ ಬಾಗದು. ಉಜ್ಜಿ ಉಜ್ಜಿ ಸುತ್ತ ಗಾಯದ ಕಲೆಯಂಥ ಪೊರೆ ಬೆಳೆಯುತ್ತದೆ, ಸಂಕೇತ ಕ್ಷೀಣಿಸುತ್ತದೆ. ಬಾಗುವ ಎಲೆಕ್ಟ್ರೋಡ್ ಮಾಡುವ ಪಾಲಿಇಮೈಡ್‌ನಂಥ ಪ್ಲಾಸ್ಟಿಕ್ ಕೂಡ ಮೆದುಳಿಗಿಂತ ಬಿಗಿಯೇ. ಆದರೆ ಹಾಳೆಯ ದಪ್ಪವನ್ನು ಅರ್ಧ ಮಾಡಿದರೆ ಬಾಗಿಸಲು ಎಂಟರಲ್ಲಿ ಒಂದು ಪಾಲು ಬಲ ಸಾಕು. ಹಾಗಾಗಿ ಕೆಲವೇ ಮೈಕ್ರಾನ್ ದಪ್ಪದ ತಂತು ಮಾಡುತ್ತಾರೆ. ಅಷ್ಟು ತೆಳುವಾದದ್ದು ತಾನಾಗಿ ಒಳಗಿಳಿಯದು. ಕರಗುವ ಅಂಟಿನಿಂದ ಗಟ್ಟಿ ಸೂಜಿಗೆ ಅಂಟಿಸಿ ಇಳಿಸುತ್ತಾರೆ, ಅಂಟು ಕರಗಿದ ಮೇಲೆ ಸೂಜಿಯನ್ನಷ್ಟೇ ಹೊರಗೆಳೆಯುತ್ತಾರೆ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಕಾರಣ ಬೇರೆ. ಇಲಿಯ ಪಿರಿಫಾರ್ಮ್ ಕಾರ್ಟೆಕ್ಸ್‌ನಲ್ಲಿ, ಅಂದರೆ ಮೆದುಳಿನಲ್ಲಿ ವಾಸನೆಯನ್ನು ಅರಿಯುವ ಭಾಗದಲ್ಲಿ, ಅದೇ ವಾಸನೆಗೆ ನರಕೋಶಗಳು ಮಿಡಿಯುವ ಬಗೆ ವಾರಗಳು ಕಳೆದಂತೆ ಬದಲಾಗುತ್ತ ಹೋಗುತ್ತದೆ ಎಂದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅಲ್ಲಿ ಬಳಸಿದ್ದು ಸಿಲಿಕಾನ್ ಎಲೆಕ್ಟ್ರೋಡ್. ಯಾರಿಗಾದರೂ ಮೊದಲು ಬರುವ ಅನುಮಾನ: ಬದಲಾದದ್ದು ಮೆದುಳೋ, ಸರಿದದ್ದು ಎಲೆಕ್ಟ್ರೋಡೋ? ಮೆದುಳಿನ ಜೊತೆಯಲ್ಲೇ ಅಲುಗುವ ತಂತು ಇದ್ದರೆ ಅದೇ ನರಕೋಶವನ್ನು ಹೆಚ್ಚು ಭರವಸೆಯಿಂದ, ಹೆಚ್ಚು ಕಾಲ ಹಿಂಬಾಲಿಸಬಹುದು.

ಅದೇ ಅಧ್ಯಯನದಲ್ಲಿ, ದಿನವೂ ಮೂಸಿದ ವಾಸನೆಗೆ ಈ ಬದಲಾವಣೆ ನಿಧಾನವಾಗಿತ್ತು. ವೈದ್ಯರು ಹೇಳಿದಂತೆ ಅಮ್ಮ ಬೆಳಿಗ್ಗೆ ಸಂಜೆ ಲವಂಗ, ನಿಂಬೆ, ನೀಲಗಿರಿ ಎಣ್ಣೆ ಮೂಸುತ್ತಾಳೆ. ಇಲಿಯ ಫಲಿತಾಂಶವನ್ನು ಅವಳ ಮೂಗಿಗೆ ನೇರವಾಗಿ ಅನ್ವಯಿಸಲಾಗದು. ಈ ಸಲ ಕಾಫಿ ಹುರಿಯುವಾಗ ಮಾತ್ರ ಅವಳು ಬಾಣಲೆಯ ಪಕ್ಕದಲ್ಲೇ ನಿಂತಿದ್ದಳು.