ಸ್ಕ್ರಿಪ್ಟ್‌ನಲ್ಲಿ 777 ಕೊಟ್ಟರೂ ಫೋಲ್ಡರ್ ಒಳಗೆ ಹೋಗಲಾಗುತ್ತಿಲ್ಲ, ಆಮೇಲೆ ಮತ್ತೊಮ್ಮೆ ಚಮಾಡ್ 777 ಮಾಡಬೇಕೇ?

ನೀವು ಬರೆದಿರುವುದು ಪೈಥಾನ್ ಭಾಷೆಯಲ್ಲಿ. ಚಮಾಡ್ (chmod) ಎಂದರೆ ಕಡತ, ಫೋಲ್ಡರುಗಳ ಅನುಮತಿ ಬದಲಿಸುವ ಆಜ್ಞೆ, 777 ಎಂದರೆ ಎಲ್ಲರಿಗೂ ಎಲ್ಲ ಹಕ್ಕು. ಸ್ಕ್ರಿಪ್ಟಿನ ಆ 777ರ ಮುಂದೆ ಮೊದಲು ಒಂದು ಸೊನ್ನೆ ಇತ್ತು, ದೋಷ ತೋರಿಸಿತೆಂದು ನೀವೇ ಅಳಿಸಿದ್ದೀರಿ. ಸರಿ ತಾನೇ? ನಾನೂ ಅಳಿಸಿದ್ದೆ.

ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿಸುವ ಒಂದು ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ತೋಟದಿಂದ ಬಂದ ಮೂಟೆಗಳನ್ನು ತೂಗಿದೊಡನೆ ತೂಕ, ತೇವಾಂಶ, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಬೀಜದ ಪ್ರಮಾಣ) ಇರುವ ಚೀಟಿ ಮುದ್ರಣವಾಗಬೇಕು, ಅದರ ಪ್ರತಿ ಆ ದಿನದ ಫೋಲ್ಡರಿನಲ್ಲಿ ಉಳಿಯಬೇಕು. ಬೆಳಿಗ್ಗೆ ಆ ಫೋಲ್ಡರ್ ಸೃಷ್ಟಿಸುವುದು ನನ್ನ ಸ್ಕ್ರಿಪ್ಟ್. 2021ರ ಜನವರಿ, ರೋಬಸ್ಟಾ ಕೊಯ್ಲಿನ ನಡುವೆ ಹಳೆಯ ಯಂತ್ರ ಕೈಕೊಟ್ಟು ಹೊಸದು ಬಂತು. ಅದರಲ್ಲಿದ್ದದ್ದು ಪೈಥಾನ್ 3. ನನ್ನ 0755 ಕಂಡು ಅದು ತಕರಾರು ತೆಗೆಯಿತು: ದಶಮಾನ ಸಂಖ್ಯೆಯ ಮುಂದೆ ಸೊನ್ನೆ ಸಲ್ಲದು, ಅಷ್ಟಮಾನ (ಎಂಟರ ಲೆಕ್ಕ) ಬೇಕಿದ್ದರೆ ಸೊನ್ನೆಯ ಜೊತೆ ಇಂಗ್ಲಿಷಿನ ಓ ಅಕ್ಷರ ಸೇರಿಸಿ. ಹೊರಗೆ ಎರಡು ಪಿಕಪ್‌ಗಳು ಹಾರ್ನ್ ಹೊಡೆಯುತ್ತಿದ್ದವು. ಅರ್ಧ ವಾಕ್ಯ ಓದಿ ಸೊನ್ನೆ ಕಿತ್ತೆ. ಸ್ಕ್ರಿಪ್ಟ್ ಓಡಿತು.

ಈ ಅರ್ಧ ವಾಕ್ಯವನ್ನು ಬಿಡಿಸಿ ಹೇಳದೆ ನನಗೆ ಸಮಾಧಾನವಿಲ್ಲ. ಟರ್ಮಿನಲ್‌ನಲ್ಲಿ ಚಮಾಡ್ 755 ಎಂದರೆ ಆ ಆಜ್ಞೆಯೇ ಅಂಕಿಗಳನ್ನು ಎಂಟರ ಲೆಕ್ಕದಲ್ಲಿ ಓದಿಕೊಳ್ಳುತ್ತದೆ. ಪೈಥಾನ್‌ಗೆ 755 ಎಂದರೆ ಏಳುನೂರ ಐವತ್ತೈದೇ. ಅದನ್ನು ಎಂಟರ ಲೆಕ್ಕಕ್ಕೆ ತನ್ನಿ: ಒಂದು 512, ಮೂರು 64, ಆರು 8, ಮೇಲೆ 3. ಅಂದರೆ 1363. ಕೊನೆಯ ಮೂರು ಅಂಕಿಗಳು ಕ್ರಮವಾಗಿ ಮಾಲೀಕ, ಗುಂಪು, ಉಳಿದವರ ಹಕ್ಕು. ಮಾಲೀಕನ ಪಾಲಿಗೆ ಬಂದದ್ದು ಏಳಲ್ಲ, ಮೂರು. ಬರೆಯುವುದಕ್ಕೆ 2, ಒಳಹೋಗುವುದಕ್ಕೆ 1, ಓದುವುದಕ್ಕೆ ಬೇಕಾದ 4 ಇಲ್ಲ. ಫೋಲ್ಡರಿನ ವಿಷಯದಲ್ಲಿ ಓದು ಎಂದರೆ ಒಳಗಿನ ಪಟ್ಟಿ ನೋಡುವ ಹಕ್ಕು. ಹೆಸರು ಗೊತ್ತಿದ್ದರೆ ಕಡತ ತೆರೆಯುತ್ತದೆ, ಒಳಗೆ ಏನೇನಿದೆ ಎಂದು ಕೇಳಿದರೆ ಉತ್ತರವಿಲ್ಲ. ನಿಮ್ಮ 777 ಇನ್ನೂ ಕೆಟ್ಟದ್ದು, 1411 ಆಗುತ್ತದೆ. ಮಾಲೀಕನಿಗೆ ಓದು ಮಾತ್ರ, ಪ್ರವೇಶವಿಲ್ಲ.

ನಿಮ್ಮದು ಮೊದಲ ದಿನವೇ ಕೆಟ್ಟಿತು, ಪುಣ್ಯವಂತರು. ನನ್ನದು ಹನ್ನೊಂದು ವಾರ ಚೆನ್ನಾಗಿಯೇ ನಡೆಯಿತು. ಚೀಟಿಯ ಸಂಖ್ಯೆ ಒತ್ತಿದರೆ ಚೀಟಿ ಬರುತ್ತಿತ್ತು. ರಾತ್ರಿಯ ಬ್ಯಾಕಪ್ ಮಾತ್ರ ಫೋಲ್ಡರ್‌ಗಳ ಪಟ್ಟಿ ಹಿಡಿದು ಸಾಗುತ್ತಿತ್ತು. ಅದಕ್ಕೆ ನಾನು ಬಳಸಿದ್ದ, ಫೋಲ್ಡರುಗಳ ಒಳಹೊಕ್ಕು ಪಟ್ಟಿ ಮಾಡುವ ಪೈಥಾನಿನ ಓಎಸ್ ವಾಕ್ (os.walk), ಬೇರೆ ಸೂಚನೆ ಕೊಡದಿದ್ದರೆ, ಪಟ್ಟಿ ಸಿಗದ ಫೋಲ್ಡರನ್ನು ತುಟಿಪಿಟಕ್ಕೆನ್ನದೆ ದಾಟಿಬಿಡುತ್ತದೆ. ಬ್ಯಾಕಪ್ ಡಿಸ್ಕಿನಲ್ಲಿ ಪ್ರತಿ ದಿನಾಂಕದ ಫೋಲ್ಡರೂ ಇತ್ತು. ಹೊರಗಿನಿಂದ ಎಣಿಸಿ ತೃಪ್ತಿಪಟ್ಟೆ, ಒಂದನ್ನೂ ತೆರೆಯಲಿಲ್ಲ.

ಮಾರ್ಚ್‌ನಲ್ಲಿ ಹೂಮಳೆ ಬಂತು. ತೋಟದವರು ಕಾದು ಕುಳಿತಿದ್ದ ಮಳೆ, ಜೊತೆಗೆ ಸಿಡಿಲು. ಕಂಪ್ಯೂಟರ್ ಸುಟ್ಟಿತು, ಡಿಸ್ಕ್ ಹೋಯಿತು. ಬ್ಯಾಕಪ್ ತೆರೆದರೆ ಎಲ್ಲವೂ ಬರಿದು. ಅಂಗಡಿಯ ಲೆಕ್ಕ ಬರೆಯುವ ರೈಟರ್ ಬೀರುವಿನಿಂದ ಕಾರ್ಬನ್ ಪ್ರತಿಗಳ ಕಟ್ಟು ಇಳಿಸುತ್ತಾ, "ಇದು ದಂಡ ಎಂದಿದ್ದೆಯಲ್ಲಪ್ಪ" ಎಂದರು. ಒಂಬತ್ತು ರಾತ್ರಿ ಇಬ್ಬರೂ ಕೂತು ಸಾವಿರದ ನಾನೂರು ಚೀಟಿ ಮತ್ತೆ ಹೊಡೆದೆವು. ನೀಲಿ ಮಸಿ ಹರಡಿ 3 ಯಾವುದು, 8 ಯಾವುದು ತಿಳಿಯದ ಚೀಟಿಗಳಿಗೆ ತೋಟಗಳಿಗೇ ಫೋನ್ ಮಾಡಿದ್ದಾಯಿತು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮತ್ತೊಮ್ಮೆ ಚಮಾಡ್ 777 ಮಾಡಬೇಡಿ. 777 ಬೇಕು ಎಂಬ ಯೋಚನೆಯೇ ತಪ್ಪು, ಅದು ಯಂತ್ರದಲ್ಲಿರುವ ಯಾರು ಬೇಕಾದರೂ ಅಳಿಸಲಿ ಎಂದಂತೆ. ಸ್ಕ್ರಿಪ್ಟಿನಲ್ಲಿ ಸೊನ್ನೆ, ಓ ಅಕ್ಷರ, ಆಮೇಲೆ 755 (0o755) ಎಂದು ಬರೆಯಿರಿ. ಹೊಸದಾಗಿ ಹುಟ್ಟುವುದರಿಂದ ಕೆಲವು ಹಕ್ಕುಗಳನ್ನು ಕಳೆಯುವ ಯುಮಾಸ್ಕ್ (umask) 022 ಇದ್ದರೆ, ಸರಿಯಾಗಿ ಕೊಟ್ಟ 777 ಕೂಡ 755 ಆಗಿಯೇ ಹುಟ್ಟುತ್ತದೆ. ಅದು ದೋಷವಲ್ಲ, ಅದರೊಡನೆ ಗುದ್ದಾಡಬೇಡಿ. ಇಬ್ಬರು ಬಳಕೆದಾರರು ಬರೆಯಬೇಕಿದ್ದರೆ ಇಬ್ಬರನ್ನೂ ಒಂದು ಗುಂಪಿಗೆ ಸೇರಿಸಿ, ಮೇಲಿನ ಫೋಲ್ಡರನ್ನೂ ಅದೇ ಗುಂಪಿಗೆ ಕೊಟ್ಟು, ಅದಕ್ಕೆ ಟರ್ಮಿನಲ್‌ನಿಂದ ಚಮಾಡ್ 2775 ಕೊಡಿ. ಮೊದಲಿನ ಆ 2ರಿಂದ, ಒಳಗೆ ಹುಟ್ಟುವುದಕ್ಕೆಲ್ಲ ಆ ಗುಂಪೇ ಬರುತ್ತದೆ. ಆದರೆ ಗುಂಪಿಗೆ ಬರೆಯುವ ಹಕ್ಕೂ ಬರಬೇಕಿದ್ದರೆ ಸ್ಕ್ರಿಪ್ಟ್‌ನಲ್ಲಿ ಸೊನ್ನೆ, ಓ ಸಮೇತ 775 ಕೊಟ್ಟು ಯುಮಾಸ್ಕ್ 002 ಮಾಡಿಕೊಳ್ಳಬೇಕು. ಮೇಕ್‌ಡಿರ್ಸ್ (makedirs, ನಡುವಿನ ಫೋಲ್ಡರುಗಳನ್ನೂ ಸೇರಿಸಿ ಸೃಷ್ಟಿಸುವ ಪೈಥಾನ್ ಸೌಲಭ್ಯ) ಬಳಸುತ್ತಿದ್ದರೆ, ಪೈಥಾನ್ 3.7ರಿಂದ ನೀವು ಕೊಡುವ ಅನುಮತಿ ಕಟ್ಟಕಡೆಯ ಫೋಲ್ಡರಿಗೆ ಮಾತ್ರ, ನಡುವಿನವುಗಳಿಗೆ ಅಲ್ಲ.

ಸ್ಕ್ರಿಪ್ಟ್ ತಿದ್ದಿದ ಮಾತ್ರಕ್ಕೆ ಈಗಾಗಲೇ ಹುಟ್ಟಿರುವ ಫೋಲ್ಡರ್‌ಗಳು ಸರಿಹೋಗುವುದಿಲ್ಲ. ಅವಕ್ಕೆ ಟರ್ಮಿನಲ್‌ನಲ್ಲೇ ಚಮಾಡ್ 755 ಕೊಡಿ. ಅಲ್ಲಿ ಸೊನ್ನೆಯೂ ಬೇಡ, ಓ ಕೂಡ ಬೇಡ.