ಬೇಸಿಗೆಯ ಹಿಮದ ಬೆಟ್ಟಕ್ಕೆ ಎಷ್ಟು ಗಂಟೆಗೆ ಹೊರಡಬೇಕು?

ಪ್ರಶ್ನೆ: ಬೇಸಿಗೆ ರಜೆಯಲ್ಲಿ ನಾವು ನಾಲ್ವರು ಗೆಳೆಯರು ಹಿಮ ಇರುವ ಬೆಟ್ಟಕ್ಕೆ ಒಂದು ದಿನದ ಚಾರಣ ಹೋಗಬೇಕೆಂದಿದ್ದೇವೆ. ಹೋಗಿ ಬರಲು 12 ಕಿ.ಮೀ., ಏರು ಸುಮಾರು 900 ಮೀಟರ್. ಆರಾಮವಾಗಿ ತಿಂಡಿ ಮುಗಿಸಿ 10 ಗಂಟೆಗೆ ಹೊರಟರೆ ಸಂಜೆಯೊಳಗೆ ವಾಪಸ್ ಬರಬಹುದಲ್ವಾ? ಹೇಗೂ ಬೇಸಿಗೆ, ಓಡುವ ಶೂ ಮತ್ತು ಟೀ ಶರ್ಟ್ ಸಾಕು ಅಂತ ಒಬ್ಬ ಗೆಳೆಯ ಹಟ ಹಿಡಿದಿದ್ದಾನೆ.

ಉತ್ತರ: ಸಂಜೆಯೊಳಗೆ ಬರಬಹುದು. ಆದರೆ ಬೆಟ್ಟದ ಮೇಲೆ ಯಾವ ಹೊತ್ತಿನಲ್ಲಿ ಇರಬಾರದೋ ಆ ಹೊತ್ತಿಗೇ ಸರಿಯಾಗಿ ಅಲ್ಲಿರುತ್ತೀರಿ.

ಮೊದಲು ಲೆಕ್ಕ ನೋಡೋಣ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ: 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ದಾರಿಗೆ ಹೆಚ್ಚುಕಡಿಮೆ 4 ಗಂಟೆ ಆಯಿತು. ಇದರಲ್ಲಿ ಕೂರುವುದು, ತಿನ್ನುವುದು, ಫೋಟೊ ತೆಗೆಯುವುದು ಯಾವುದೂ ಸೇರಿಲ್ಲ. ಹಿಮದ ಮೇಲಿನ ನಡಿಗೆ ಇನ್ನೂ ನಿಧಾನ. ಹಾಗಾಗಿ 6ರಿಂದ 7 ಗಂಟೆ ಇಟ್ಟುಕೊಳ್ಳಿ.

ಬೇಸಿಗೆಯಲ್ಲಿ ಹಿಮ ದಿನಕ್ಕೆರಡು ವೇಷ ಹಾಕುತ್ತದೆ. ಆಕಾಶ ತಿಳಿಯಾಗಿದ್ದರೆ ರಾತ್ರಿ ಮೇಲ್ಪದರ ಹೆಪ್ಪುಗಟ್ಟಿ, ಬೆಳಿಗ್ಗೆ ನಿಮ್ಮ ಭಾರ ಹೊರುವಷ್ಟು ಗಟ್ಟಿಯಾಗಿರುತ್ತದೆ. ಬಿಸಿಲೇರಿದ ಮೇಲೆ ಅದೇ ಜಾಗದಲ್ಲಿ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ. ಬಂಡೆ, ಮರದ ಬುಡದ ಸುತ್ತ ಇನ್ನೂ ಕಷ್ಟ. ಅವು ಬಿಸಿಲು ಹೀರಿ ಪಕ್ಕದ ಹಿಮವನ್ನು ಕರಗಿಸಿರುತ್ತವೆ. ಮೇಲೆ ನೋಡಿದರೆ ಸಪಾಟು, ಕೆಳಗೆ ಟೊಳ್ಳು. ಹಳ್ಳದ ಮೇಲೆ ಸೇತುವೆಯಂತೆ ಕೂತ ಹಿಮಕ್ಕೂ ಇದೇ ಗತಿ. ಬೆಳಿಗ್ಗೆ ತಡೆದುಕೊಂಡದ್ದು ಮಧ್ಯಾಹ್ನ ಕುಸಿಯಬಹುದು. ಜೊತೆಗೆ ಕರಗಿದ ನೀರೆಲ್ಲ ಹಳ್ಳಕ್ಕೆ ಇಳಿಯುತ್ತದೆ. ಹೋಗುವಾಗ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದ ಹಳ್ಳ ಬರುವಾಗ ದಾರಿ ಕೊಡದೇ ಇರಬಹುದು. ಗುಡುಗು ಮಿಂಚು ಜಾಸ್ತಿ ಬರುವುದೂ ಮಧ್ಯಾಹ್ನದ ಮೇಲೆಯೇ.

ಹಾಗಾಗಿ ನಸುಕಿನಲ್ಲೇ ಹೊರಡಿ, ಮಧ್ಯಾಹ್ನದ ಹೊತ್ತಿಗೆ ಹಿಮ ದಾಟಿ ಕೆಳಗೆ ಬಂದಿರಿ. ಎಲ್ಲಿದ್ದರೂ ಇಷ್ಟು ಗಂಟೆಗೆ ತಿರುಗಿಬಿಡುತ್ತೇವೆ ಅಂತ ಹೊರಡುವ ಮೊದಲೇ ನಾಲ್ವರೂ ಒಪ್ಪಿಕೊಳ್ಳಿ. ತುದಿ ಕಣ್ಣಿಗೆ ಕಾಣುವಾಗ ಈ ಮಾತು ಎತ್ತಿದರೆ ಯಾರೂ ಕೇಳುವುದಿಲ್ಲ.

ಬೆಳಗಿನ ಗಟ್ಟಿ ಹಿಮಕ್ಕೂ ಅದರದೇ ತೊಂದರೆ ಇದೆ, ಜಾರುತ್ತದೆ. ಶೂಗೆ ತೊಡಿಸುವ ಸಣ್ಣ ಲೋಹದ ಮೊನೆಗಳ ಮೈಕ್ರೋಸ್ಪೈಕ್ ಕಡಿಮೆ ಇಳಿಜಾರಿನಲ್ಲಿ ಸಾಕಾಗುತ್ತದೆ. ಕಡಿದಾದ ಜಾಗದಲ್ಲಿ ಸಾಲದು. ಪ್ರತಿ ಇಳಿಜಾರಿಗೆ ಕಾಲಿಡುವ ಮೊದಲು ಕೆಳಗೆ ನೋಡಿ: ಇಲ್ಲಿ ಜಾರಿದರೆ ಎಲ್ಲಿ ಹೋಗಿ ನಿಲ್ಲುತ್ತೇನೆ? ಸಮತಟ್ಟು ಹಿಮವಾದರೆ ಪರವಾಗಿಲ್ಲ. ಬಂಡೆ, ಪ್ರಪಾತ, ನೀರು ಇದ್ದರೆ ಕ್ರಾಂಪಾನ್ (ಬೂಟಿಗೆ ಕಟ್ಟುವ ಉದ್ದ ಲೋಹದ ಮೊನೆಗಳ ಚೌಕಟ್ಟು), ಐಸ್ ಆ್ಯಕ್ಸ್ ಮತ್ತು ಆ ಹಿಮಗೊಡಲಿ ಬಳಸಿ ಜಾರುವುದನ್ನು ತಡೆಯುವ ಅಭ್ಯಾಸ, ಮೂರೂ ಬೇಕು. ಇಲ್ಲದಿದ್ದರೆ ಸುಮ್ನೆ ಹಿಂದಿರುಗಿ. ಇನ್ನು ಹಿಮನದಿಯ ಮೇಲೆ ಗೈಡ್ ಮತ್ತು ಹಗ್ಗ ಇಲ್ಲದೆ ಹೋಗುವ ಮಾತೇ ಬೇಡ.

ನಿಮ್ಮ ಗೆಳೆಯನ ಓಡುವ ಶೂ ಒದ್ದೆಯಾಗುತ್ತದೆ. ಅದರ ಅಟ್ಟೆ ಬಾಗುವುದರಿಂದ ಹಿಮದಲ್ಲಿ ಹಿಡಿತವೂ ಸಿಗುವುದಿಲ್ಲ. ಗಟ್ಟಿ ಅಟ್ಟೆಯ ಬೂಟು ಬೇಕು. 1,000 ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಚಳಿ ಹೆಚ್ಚುತ್ತದೆ, ಗಾಳಿ ಬೀಸಿದರೆ ಅದಕ್ಕಿಂತ ಜಾಸ್ತಿ ಅನ್ನಿಸುತ್ತದೆ. ಹತ್ತಿಯ ಟೀ ಶರ್ಟ್ ಬೆವರು ಹೀರಿ ಒಣಗುವುದೇ ಇಲ್ಲ. ಉಣ್ಣೆ ಅಥವಾ ಸಿಂಥೆಟಿಕ್ ಬಟ್ಟೆ ಹಾಕಿ, ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್ ಇರಲಿ. ಬೆಟ್ಟ 2,500 ಮೀಟರ್ ದಾಟುವಂಥದ್ದಾದರೆ ತಲೆನೋವು, ವಾಂತಿ ಬಂದಂತಾಗುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಕೆಳಗಿಳಿಯಿರಿ.

ಪ್ರಶ್ನೆ: ಮೋಡ ಕವಿದಿದ್ದರೂ ಕೂಲಿಂಗ್ ಗ್ಲಾಸ್ ಹಾಕಲೇಬೇಕಾ?

ಉತ್ತರ: ಹಾಕಲೇಬೇಕು. ಅತಿನೇರಳೆ ಕಿರಣಗಳು ತೆಳು ಮೋಡವನ್ನು ದಾಟಿ ಬರುತ್ತವೆ. ಪ್ರತಿ 1,000 ಮೀಟರ್ ಎತ್ತರಕ್ಕೆ ಅವು ಸುಮಾರು 10% ಹೆಚ್ಚುತ್ತವೆ. ಹೊಸ ಹಿಮ ಅವುಗಳಲ್ಲಿ 80% ವರೆಗೂ ವಾಪಸ್ ಎಸೆಯುತ್ತದೆ. ಕಣ್ಣು ಸುಟ್ಟದ್ದು ಆಗಲೇ ಗೊತ್ತಾಗುವುದಿಲ್ಲ ಅನ್ನುವುದೇ ತೊಂದರೆ. ಕೆಲವು ಗಂಟೆ ಬಿಟ್ಟು ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ ಶುರುವಾಗುತ್ತದೆ. ಪಕ್ಕದಿಂದಲೂ ಬೆಳಕು ತಡೆಯುವ ಕನ್ನಡಕವನ್ನೇ ಆರಿಸಿ. ಬೆಳಕು ಕೆಳಗಿನಿಂದಲೂ ಬರುವುದರಿಂದ ಗದ್ದದ ಅಡಿ, ಮೂಗಿನ ಕೆಳಭಾಗಕ್ಕೂ ಸನ್‌ಸ್ಕ್ರೀನ್ ಹಚ್ಚಿ. ಅಲ್ಲಿಗೆ ಹಚ್ಚಲು ತುಂಬ ಜನ ಮರೆಯುತ್ತಾರೆ.

ಪ್ರಶ್ನೆ: ಕುಡಿಯುವ ನೀರು ಮುಗಿದರೆ ಹಿಮ ತಿನ್ನಬಹುದಾ?

ಉತ್ತರ: ತಿಂದರೆ ಅದನ್ನು ಕರಗಿಸಲು ಮೈಯ ಬಿಸಿ ಖರ್ಚಾಗುತ್ತದೆ, ಸಿಗುವ ನೀರು ಸ್ವಲ್ಪವೇ. ಬಾಟಲಿ ಪೂರ್ತಿ ಖಾಲಿಯಾಗುವ ಮುಂಚೆಯೇ ಅದಕ್ಕೆ ಸ್ವಚ್ಛ ಬಿಳಿ ಹಿಮ ತುಂಬಿ, ಬಿಸಿಲು ತಾಗುವಂತೆ ಚೀಲದ ಹೊರಗೆ ಸಿಕ್ಕಿಸಿ. ಒಳಗೆ ನೀರಿದ್ದರೆ ಹಿಮ ಬೇಗ ಕರಗುತ್ತದೆ. ಬೇಸಿಗೆಯಲ್ಲಿ ಅಲ್ಲಲ್ಲಿ ಗುಲಾಬಿ ಬಣ್ಣದ ಹಿಮ ಕಾಣುತ್ತದೆ. ಅದು ಪಾಚಿಯ ಬಣ್ಣ, ಅದನ್ನು ಮಾತ್ರ ತುಂಬಬೇಡಿ.